ಗಾಜಿನ ಮೇಲಿನ ಸುಗಂಧರಾಜ

ನಾನು ಬೆಳೆದ ಮನೆಯಲ್ಲಿ ಯಾವ ಫೋಟೊಗೂ ಗಾಜಿರಲಿಲ್ಲ. ಪಡಸಾಲೆಯ ಗೋಡೆಯ ಮೇಲೆ ಕಟ್ಟು ಹಾಕಿಸಿದ ಪಟಗಳು ಸಾಲಾಗಿದ್ದವು. ಮೊದಲು ತಿರುಪತಿ ತಿಮ್ಮಪ್ಪ, ಆಮೇಲೆ ರುಮಾಲು ಸುತ್ತಿದ ತಾತ, ಆಮೇಲೆ ಅಪ್ಪ ಅಮ್ಮನ ಮದುವೆಯ ಗುಂಪು, ಬಾಗಿಲ ಪಕ್ಕದಲ್ಲಿ ಅಮ್ಮ ಒಬ್ಬಳೇ. ಅಮ್ಮನ ಫೋಟೊ ಬೇರೆಯಾಗಿ ತೆಗೆಸಿದ್ದಲ್ಲ. ಅವಳು ತೀರಿಕೊಂಡ ಮೇಲೆ ಹೊಸಕೋಟೆಯ ಸ್ಟುಡಿಯೋದವನು ಮದುವೆಯ ಗುಂಪಿನಿಂದ ಅವಳ ಮುಖವನ್ನಷ್ಟೇ ದೊಡ್ಡದು ಮಾಡಿ ಕೊಟ್ಟಿದ್ದ. ಹಾಗಾಗಿ ಗೋಡೆಯ ಮೇಲೆ ನನ್ನಮ್ಮ ಯಾವಾಗಲೂ ಮದುಮಗಳು. ಪಕ್ಕದಲ್ಲಿ ನಿಂತಿದ್ದ ಅಪ್ಪನ ಭುಜದ ಒಂದು ಅಂಚು ಹಾಗೇ ಉಳಿದುಕೊಂಡಿತ್ತು. ಗಾಜಿಲ್ಲದ ಕಾರಣ ಹಬ್ಬಕ್ಕೆ ಪಟ ಒರೆಸುವಂತಿರಲಿಲ್ಲ. ಅಜ್ಜಿ ಅರಿಸಿನ ಕುಂಕುಮ ಇಡಲು ಹೋಗಿ ತಿಮ್ಮಪ್ಪನ ಹಣೆ ಒದ್ದೆಯಾಗಿ ಬಣ್ಣ ಬಿಟ್ಟಿತ್ತು. ಮನೆಗೆ ಬಂದವರು ಒಮ್ಮೆ ಗೋಡೆ ನೋಡಿ, ಒಮ್ಮೆ ನಮ್ಮ ಮುಖ ನೋಡುತ್ತಿದ್ದರು. ಆ ಗಾಜುಗಳೆಲ್ಲ ಒಳಕೋಣೆಯಲ್ಲಿದ್ದವು. ಅವುಗಳ ಮೇಲೆ ಬಿಳಿ ಕೊಬ್ಬು ಬಳಿದು, ಕೊಬ್ಬಿನ ಮೇಲೆ ಹೂವು ಮಲಗಿಸಿ, ಅಪ್ಪ ಸುಗಂಧರಾಜದ ಪರಿಮಳ ಹಿಡಿಯುತ್ತಿದ್ದ.

ನಮ್ಮೂರು ಜಡಿಗೇನಹಳ್ಳಿಯಿಂದ ಆಚೆ, ಕೈ ಅಡ್ಡ ಹಾಕಿದರೆ ಮಾತ್ರ ಬಸ್ಸು ನಿಲ್ಲುವಂಥದು. ಬೋರ್‌ವೆಲ್ ನೀರು ಹರಿಯುವಷ್ಟು ಜಾಗದಲ್ಲಿ ಸುಗಂಧರಾಜ, ಉಳಿದದ್ದರಲ್ಲಿ ರಾಗಿ, ಅವರೆ. ಆ ಹೂವು ಮದುವೆಯ ಹಾರಕ್ಕೂ ಬೇಕು, ಹೆಣದ ಹಾರಕ್ಕೂ ಬೇಕು. ನಾನು ಐದನೇ ಕ್ಲಾಸಿನಲ್ಲಿದ್ದಾಗ ಅಮ್ಮನಿಗೆ ಕಾಮಾಲೆಯಾಯಿತು. ಕಣ್ಣು ಹಳದಿಯಾದದ್ದನ್ನು ಮೊದಲು ಕಂಡವಳು ಅಜ್ಜಿ. ನಾಟಿ ಔಷಧ ಕೊಡಿಸಿದರು, ಆಮೇಲೆ ಆಸ್ಪತ್ರೆಗೆ ಕರೆದುಕೊಂಡು ಹೋದರು, ಆಮೇಲೆ ವಾಪಸ್ಸು ತಂದರು. ಆ ಬೆಳಗ್ಗೆ ಕೊಯ್ದಿದ್ದ ಹೂವು ಪೇಟೆಗೆ ಹೋಗಲಿಲ್ಲ. ಗೋಣಿಚೀಲಗಳನ್ನು ಬಿಚ್ಚಿ ಎಲ್ಲವನ್ನೂ ಅವಳ ಮೇಲೆ ಸುರಿದರು. ಮುಖವೊಂದು ಬಿಟ್ಟು ಇನ್ನೇನೂ ಕಾಣುತ್ತಿರಲಿಲ್ಲ. ಎದುರುಮನೆಯವರು ನನ್ನನ್ನು ಒಳಗೆ ಕರೆದು ಉಪ್ಪಿಟ್ಟು ಕೊಟ್ಟರು. ಅದಕ್ಕೆ ಉಪ್ಪು ಕಡಿಮೆಯಾಗಿತ್ತು. ನಾನು ತಿಂದು, ತಟ್ಟೆ ತೊಳೆದಿಟ್ಟು, ಹೊರಗೆ ಬಂದು ಎಲ್ಲರ ಜೊತೆ ನಿಂತೆ. ಹೆಂಗಸರು ನನ್ನನ್ನು ತಬ್ಬಿಕೊಂಡು ಅತ್ತರು. ಅವರ ಎದೆಯಿಂದ ಎದೆಗೆ ದಾಟಿಕೊಂಡು ಹೋದೆ. ನನಗೆ ಅಳು ಬರಲಿಲ್ಲ. ಬಂದೀತು ಎಂದು ಕಾದೆ. ಮಾರನೆಯ ದಿನವೂ ಬರಲಿಲ್ಲ, ತಿಥಿಯ ದಿನವೂ ಬರಲಿಲ್ಲ, ಆಮೇಲೆ ಕಾಯುವುದನ್ನು ಬಿಟ್ಟೆ.

ಅಲ್ಲಿಂದ ಮನೆಯಲ್ಲಿ ನಾವು ಮೂವರು. ಅಪ್ಪ, ಅಪ್ಪನ ತಾಯಿ ಪಿಳ್ಳಮ್ಮಜ್ಜಿ, ನಾನು. ಅಪ್ಪ ಮೊದಲೂ ಹೆಚ್ಚು ಮಾತಿನವನಲ್ಲ. ಈಗ ಬೇಕಾದ್ದನ್ನು ಕೈಯಲ್ಲಿ ತೋರಿಸುವುದಕ್ಕೆ ಶುರು ಮಾಡಿದ. ನೀರು ಬೇಕಾದರೆ ಚೊಂಬು ತೋರಿಸುವನು, ಸಾಕಾದರೆ ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿಯುವನು. ಅಜ್ಜಿ ಅವನ ಪಾಲಿನದನ್ನೂ ಸೇರಿಸಿ ಮಾತಾಡುತ್ತಿದ್ದಳು. ಅಡುಗೆಮನೆಯಲ್ಲಿ ಮುದ್ದೆ ತಿರುವುವಾಗ ಒಬ್ಬಳೇ ಕೇಳಿ, ಒಬ್ಬಳೇ ಉತ್ತರ ಹೇಳಿಕೊಳ್ಳುತ್ತಿದ್ದಳು. ನಾವು ಮೂವರೂ ಗೋಡೆಗೊರಗಿ ಸಾಲಾಗಿ ಕೂತು ಉಣ್ಣುತ್ತಿದ್ದೆವು, ಎದುರುಬದುರಾಗಿ ಅಲ್ಲ. ಹುರುಳಿ ಸಾರಾದರೂ ಒಂದೇ, ಬಸ್ಸಾರಾದರೂ ಒಂದೇ. ನಾನು ಶಾಲೆಗೆ ಹೋಗುತ್ತಿದ್ದೆ, ಬರುತ್ತಿದ್ದೆ, ಕಸ ಗುಡಿಸುತ್ತಿದ್ದೆ. ಊರಿನವರು ನನ್ನನ್ನು ಜಾಣೆ ಎಂದರು. ಎಷ್ಟು ಸಣ್ಣ ವಯಸ್ಸಿಗೆ ಎಷ್ಟು ತಡಕೊಂಡಿದ್ದಾಳೆ ಎಂದರು. ತಡೆದುಕೊಳ್ಳಲು ನನ್ನೊಳಗೆ ಏನೂ ಇರಲಿಲ್ಲ. ಕೈ ಮೇಲೆ ಮಲಗಿ ಎದ್ದಾಗ ಕೈ ಜೋಮು ಹಿಡಿದಿರುತ್ತದಲ್ಲ, ಮುಟ್ಟಿದರೆ ಬೇರೆಯವರ ಕೈ ಮುಟ್ಟಿದಂತೆ, ನಾನು ಇಡಿಯಾಗಿ ಹಾಗಿದ್ದೆ.

ಮರುವರ್ಷದ ಆಷಾಢದಲ್ಲಿ ಅಪ್ಪನ ಹುಚ್ಚು ಶುರುವಾಯಿತು. ಹುಚ್ಚು ಎಂಬುದು ಅಜ್ಜಿಯ ಮಾತು. ಆಷಾಢದಲ್ಲಿ ಮದುವೆಯಿಲ್ಲ, ಹೂವಿಗೆ ಕೇಳುವವರಿಲ್ಲ. ಆದರೆ ಗಿಡಕ್ಕೆ ಆಷಾಢ ಗೊತ್ತಿಲ್ಲ, ಅದು ದಿನಾ ಮೊಗ್ಗು ಕೊಡುತ್ತಿತ್ತು. ಪೇಟೆಗೆ ಒಯ್ದ ಚೀಲಗಳು ಹಾಗೇ ವಾಪಸ್ಸು ಬಂದು ಕೊಟ್ಟಿಗೆಯ ಪಕ್ಕ ರಾಶಿ ಬೀಳುತ್ತಿದ್ದವು. ಎಮ್ಮೆ ಮೂಸಿ ಮುಖ ತಿರುಗಿಸುತ್ತಿತ್ತು. ಒಂದು ಮಧ್ಯಾಹ್ನ ಅಪ್ಪ ಅನ್ನ ಬೇಯಿಸುವ ದೊಡ್ಡ ಪಾತ್ರೆ ತಂದು, ಹೂವು ತುಂಬಿ, ನೀರು ಹೊಯ್ದು, ಮುಚ್ಚಳಕ್ಕೆ ಹಿಟ್ಟು ಮೆತ್ತಿ, ಹಿಟ್ಟಿನ ಸಂದಿಯಲ್ಲಿ ಒಂದು ಕೊಳವೆ ಸಿಕ್ಕಿಸಿ ಹಿತ್ತಲಲ್ಲಿ ಒಲೆ ಹಚ್ಚಿದ. ಕೊಳವೆಯಿಂದ ಬಾಟಲಿಗೆ ನೀರು ತೊಟ್ಟಿಕ್ಕಿತು. ಅಜ್ಜಿ ಮೂಸಿ ನೋಡಿದಳು.

"ಸೊಪ್ಪು ಬಸಿದ ನೀರಿನ ವಾಸನೆ ಬರ್ತೈತೆ. ನಾಳೆಯಿಂದ ಅನ್ನ ಯಾವುದ್ರಲ್ಲಿ ಮಾಡ್ಲಿ, ಅದನ್ನ ಹೇಳು."

ಅಪ್ಪ ಆ ನೀರನ್ನು ಗಿಡದ ಬುಡಕ್ಕೆ ಚೆಲ್ಲಿದ. ಮಾರನೆಯ ದಿನ ನನ್ನನ್ನು ಕರೆದುಕೊಂಡು ಹೊಸಕೋಟೆಗೆ ಹೋದ. ಮಸೀದಿ ಬೀದಿಯಲ್ಲಿ ಒಬ್ಬ ಮುದುಕರ ಅತ್ತರಿನ ಅಂಗಡಿಯಿತ್ತು. ಅಂಗಡಿಯೆಂದರೆ ಒಂದು ಗೂಡು, ಒಳಗೆ ಅವರು ಕೂತರೆ ಜಾಗ ಮುಗಿಯಿತು. ಅಪ್ಪ ಒಂದೇ ಉಸಿರಿಗೆ ಹೂವು ಬೇಯಿಸಿದ್ದನ್ನೆಲ್ಲ ಹೇಳಿದ. ಅಮ್ಮ ಹೋದ ಮೇಲೆ ಅಷ್ಟು ಉದ್ದದ ಮಾತು ಅವನ ಬಾಯಿಂದ ಬಂದದ್ದು ಆವತ್ತೇ. ಸಾಹೇಬರು ತಲೆಯಾಡಿಸಿದರು.

"ಈ ಹೂವ ಬೇಯಿಸ್ಬಾರ್ದು ಗೌಡ್ರೇ. ಗುಲಾಬಿ ಬೇಯಿಸ್ಬೋದು, ಲಾವಂಚ ಬೇಯಿಸ್ಬೋದು. ಇದಕ್ಕೆ ಬೆಂಕಿ ಆಗಲ್ಲ. ಕೊಯ್ದ ಮೇಲೂ ಇದು ಒಂದು ದಿನ ಉಸಿರಾಡ್ತದೆ. ಆ ಉಸಿರನ್ನ ಕೊಬ್ಬಿಗೆ ಕುಡಿಸ್ಬೇಕು. ಗಾಜಿನ ಮೇಲೆ ಕೊಬ್ಬು ಬಳೀರಿ, ಹೂವ ಬೋರಲು ಮಲಗಿಸಿ, ಮೇಲೆ ಇನ್ನೊಂದು ಗಾಜು ಮುಚ್ಚಿ. ನಾಳೆ ಹಳೇ ಹೂವ ತೆಗ್ದು ಹೊಸದು ಇಡಿ. ಕೊಬ್ಬು ಸಾಕು ಅನ್ನೋವರೆಗೂ ಹಂಗೇ ಮಾಡ್ತಾ ಹೋಗಿ. ಆಮೇಲೆ ಜೇನುಮೇಣ ಹಾಕಿ ಕರಗಿಸಿದ್ರೆ ಡಬ್ಬೀಲಿ ಗಟ್ಟಿಯಾಗಿ ಕೂತ್ಕೊಳ್ತದೆ. ಬೆರಳಲ್ಲಿ ಇಷ್ಟು ತಗೊಂಡು ಕಿವಿ ಹಿಂದೆ ಹಚ್ಕೊಂಡ್ರೆ ಸಂಜೆವರೆಗೂ ಇರ್ತದೆ."

"ಸಾಕು ಅಂತ ಕೊಬ್ಬು ಹೆಂಗೆ ಹೇಳ್ತದೆ ಸಾಹೇಬ್ರೇ?" ಎಂದು ಕೇಳಿದೆ ನಾನು.

"ಅದು ಹೇಳಲ್ಲ ಬೇಟಿ. ನೀವು ಮೂಸಬೇಕು."

ಮನೆಗೆ ಬಂದವನೇ ಅಪ್ಪ ಕುರ್ಚಿ ಹಾಕಿಕೊಂಡು ಗೋಡೆಯ ಪಟಗಳನ್ನು ಇಳಿಸಿದ. ನಮ್ಮ ಕಿಟಕಿಗಳಿಗೆ ಇದ್ದದ್ದು ಮರದ ಬಾಗಿಲು. ಮನೆಯಲ್ಲಿ ಗಾಜೆಂದರೆ ಪಟಗಳದ್ದೇ. ಹಿಂದಿನ ಮೊಳೆಗಳನ್ನು ಒಂದೊಂದಾಗಿ ಕಿತ್ತು, ಗಾಜು ತೆಗೆದು, ಚಿತ್ರವನ್ನು ಮತ್ತೆ ಕಟ್ಟಿನೊಳಗೆ ಕೂರಿಸಿದ. ಅಜ್ಜಿ ತಿಮ್ಮಪ್ಪನ ಪಟಕ್ಕೆ ಮಾತ್ರ ಅಡ್ಡ ಬಂದಳು.

"ದೇವ್ರದ್ದು ಮುಟ್ಬೇಡ ಕಣೋ. ನಿಮ್ಮಪ್ಪಂದು ತಗೋ, ನಿಂದು ತಗೋ."

ಅಪ್ಪ ಅದನ್ನೂ ತೆಗೆದ. ಅಮ್ಮನ ಪಟ ಕೊನೆಗೆ ಉಳಿಯಿತು. ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಳು.

"ಅದನ್ನಾದ್ರೂ ಬಿಡೋ. ಮುಖಕ್ಕೆ ಧೂಳು ಕೂರ್ತದೆ."

ಅಪ್ಪ ಅದರ ಮೊಳೆಗಳನ್ನೂ ಕಿತ್ತ. ಆ ಗಾಜು ಎಲ್ಲಕ್ಕಿಂತ ಹೊಸದು, ಎಲ್ಲಕ್ಕಿಂತ ದೊಡ್ಡದು. ಅದನ್ನು ಬೂದಿ ಹಚ್ಚಿ ತೊಳೆಯಲು ನನ್ನ ಕೈಗೆ ಕೊಟ್ಟ. ನಾನು ತೊಟ್ಟಿಯ ಬಳಿ ಕೂತು ಎರಡೂ ಬದಿ ಉಜ್ಜಿ, ಬಿಸಿಲಿಗೆ ಒರಗಿಸಿಟ್ಟೆ. ಅಜ್ಜಿ ಆ ದಿನ ಊಟ ಬಿಟ್ಟಳು. ನನಗೆ ಏನನ್ನಿಸಿತು ಎಂದು ಈಗ ಎಷ್ಟು ನೆನೆದರೂ ಏನೂ ಸಿಗುವುದಿಲ್ಲ. ಗಾಜು ಚೆನ್ನಾಗಿ ಹೊಳೆಯುತ್ತಿತ್ತು, ಅಷ್ಟೇ.

ಒಳಕೋಣೆ ಅಪ್ಪ ಅಮ್ಮ ಮಲಗುತ್ತಿದ್ದ ಕೋಣೆ. ಅಪ್ಪ ಈಗ ಪಡಸಾಲೆಗೆ ಬಂದಿದ್ದ. ಮಂಚ ಹೊರಗೆ ಹಾಕಿ ಅಲ್ಲಿ ಹಲಗೆ ಜೋಡಿಸಿ ಗಾಜುಗಳನ್ನಿಟ್ಟೆವು. ಅಡುಗೆಯ ವನಸ್ಪತಿಯನ್ನು ಒಂದು ಬೆರಳಿನ ಗಾತ್ರ ದಪ್ಪಕ್ಕೆ ಬಳಿಯುವುದು ಅಪ್ಪನ ಕೆಲಸ. ಹೂವು ಇಡುವುದು, ತೆಗೆಯುವುದು ನನ್ನದು. ನಾವು ಅದಕ್ಕೆ ಮಲಗಿಸೋದು, ಎಬ್ಬಿಸೋದು ಎನ್ನುತ್ತಿದ್ದೆವು. ಶಾಲೆಗೆ ಹೊರಡುವ ಮೊದಲು ಹಿಂದಿನ ದಿನದ ಹೂವು ಎಬ್ಬಿಸಬೇಕು. ರಾತ್ರಿ ಕಳೆಯುವಷ್ಟರಲ್ಲಿ ಅವು ಕಂದಾಗಿ, ನೀರು ಬಿಟ್ಟು, ಕೊಬ್ಬಿಗೆ ಅಂಟಿಕೊಂಡಿರುತ್ತಿದ್ದವು. ಒಂದು ಎಸಳು ಉಳಿದರೂ ಕೊಳೆತು ಎಲ್ಲವನ್ನೂ ಕೆಡಿಸುತ್ತದೆ. ಉಗುರಿನ ತುದಿಯಿಂದ ಒಂದೊಂದನ್ನೇ ಎತ್ತಿ, ಜಾಗ ಸವರಿ, ಹೊಸ ಹೂವಿನ ಮುಖ ಕೆಳಗೆ ಮಾಡಿ ಒತ್ತದೆ ಇಡಬೇಕು. ಬಾಗಿಲು, ಕಿಟಕಿ ಮುಚ್ಚಿರಬೇಕು. ನನಗೆ ಆ ಕೆಲಸ ಹಿಡಿಸಿತು ಎನ್ನಲಾರೆ, ಬೇಸರವೂ ಆಗಲಿಲ್ಲ. ಕೈ ತಾನಾಗಿ ಮಾಡುತ್ತಿತ್ತು. ಅಪ್ಪ ಹಲಗೆಯ ಆ ಬದಿ, ನಾನು ಈ ಬದಿ. ಇಬ್ಬರ ನಡುವೆ ಗಾಜು.

ಮನೆಯ ತುಂಬ ವಾಸನೆ ಇರುತ್ತಿತ್ತಂತೆ. ಇತ್ತು ಎಂದು ಬೇರೆಯವರಿಂದ ತಿಳಿದದ್ದು. ಶಾಲೆಯಲ್ಲಿ ನನ್ನ ಬೆಂಚಿನ ಸುಜಾತ ಒಂದು ದಿನ ಚೀಲ ಎತ್ತಿಕೊಂಡು ಹಿಂದಿನ ಸಾಲಿಗೆ ಹೋದಳು.

"ಮಿಸ್, ಪದ್ಮ ಹತ್ರ ಕೂತ್ರೆ ಹೆಣದ ಹಾರದ ವಾಸನೆ ಬರ್ತದೆ."

ಯಾರೋ ನಕ್ಕರು. ಮಿಸ್ ಸುಮ್ಮನಿರಿ ಎಂದರು. ನಾನು ಲಂಗದ ಅಂಚು ಎತ್ತಿ ಮೂಸಿದೆ, ಜಡೆ ಮೂಸಿದೆ. ಏನೂ ಇಲ್ಲ. ಸಂಜೆ ಮನೆಗೆ ಬಂದು ಗಾಜಿನ ಮೇಲೆ ಬಾಗಿ ಮೂಸಿದೆ. ಆಗಲೂ ಏನೂ ಇಲ್ಲ. ಬೂದಿ, ಸೀಗೆಕಾಯಿ, ಒಗ್ಗರಣೆ, ಎಮ್ಮೆಯ ಗಂಜಲ, ಎಲ್ಲವನ್ನೂ ಮೂಸಿ ನೋಡಿದೆ. ಅವೆಲ್ಲ ದೂರದಲ್ಲಿ ಯಾರೋ ಮಾತಾಡಿದ ಹಾಗೆ, ಮಾತು ಬಂತು ಎಂದು ಗೊತ್ತಾಗುತ್ತಿತ್ತು, ಏನು ಎಂದು ಗೊತ್ತಾಗುತ್ತಿರಲಿಲ್ಲ. ನನಗೆ ಭಯವಾಗಲಿಲ್ಲ. ಇದೂ ಹೋಯಿತು ಎಂದುಕೊಂಡೆ. ಮೊದಲ ಕೊಬ್ಬು ಪರಿಮಳದಿಂದ ತುಂಬಿತು ಎಂದು ಅಂದಾಜಿಸಿ ಅಪ್ಪ ಮೇಣ ಬೆರೆಸಿ, ಬಟ್ಟೆಯಲ್ಲಿ ಸೋಸಿ, ಗ್ರಂಧಿಗೆ ಅಂಗಡಿಯಿಂದ ತಂದ ಕುಂಕುಮದ ಡಬ್ಬಿಗಳಿಗೆ ಹೊಯ್ದ. ಆರಿದ ಮೇಲೆ ಒಂದನ್ನು ನನ್ನ ಮುಂದೆ ಹಿಡಿದ.

"ಹೆಂಗೈತೆ ಮಗ?"

"ಗೊತ್ತಾಗ್ತಿಲ್ಲಪ್ಪ."

ಅವನು ತಾನೇ ಮೂಸಿದ. ತಿರುಗಿಸಿ ತಿರುಗಿಸಿ ಮೂಸಿದ. ಅವನಿಗೂ ಗೊತ್ತಾಗುತ್ತಿಲ್ಲ ಎಂದು ನನಗೆ ಅವನ ಮುಖದಿಂದ ತಿಳಿಯಿತು. ಹೊಸಕೋಟೆಗೆ ಒಯ್ದಾಗ ಸಾಹೇಬರು ಮೂಗಿನ ಬಳಿ ಹಿಡಿದು, ಸ್ವಲ್ಪ ಹೊತ್ತು ಕಣ್ಣು ಮುಚ್ಚಿ, "ಇನ್ನೂ ಪಳಗ್ಬೇಕು ಗೌಡ್ರೇ" ಎಂದಷ್ಟೇ ಹೇಳಿ ಡಬ್ಬಿ ವಾಪಸ್ಸು ಕೊಟ್ಟರು. ಅಪ್ಪ ಮತ್ತೆ ಶುರು ಮಾಡಿದ. ಆ ಡಬ್ಬಿಗಳು ಅಡುಗೆಮನೆಯ ನಾಗಂದಿಗೆಯ ಮೇಲೆ ಸೇರಿದವು. ಆಮೇಲಿನ ಡಬ್ಬಿಗಳು ಅವುಗಳ ಪಕ್ಕ ಸೇರಿದವು. ಯಾರೂ ಹಚ್ಚಿಕೊಳ್ಳಲಿಲ್ಲ, ಯಾರೂ ಎಸೆಯಲಿಲ್ಲ.

ಅಜ್ಜಿಯ ಒತ್ತಾಯಕ್ಕೆ ಅಪ್ಪ ಇನ್ನೊಂದು ಮದುವೆಗೆ ಒಪ್ಪಿದ. ಒಪ್ಪಿದ ಎಂದರೆ ಬೇಡ ಎನ್ನಲಿಲ್ಲ. ಹೆಣ್ಣು ನಮ್ಮ ಜಿಲ್ಲೆಯ ವಿಜಯಪುರದವಳು, ಸರೋಜ. ಅವಳ ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ, ರೇಷ್ಮೆ ನೂಲು ತೆಗೆಯುವ ಕಡೆ ಕೆಲಸಕ್ಕೆ ಹೋಗುತ್ತಿದ್ದಳು. ಅವಳ ಅಣ್ಣನ ಜೊತೆ ಮನೆ ನೋಡಲು ಬಂದಳು. ಗಂಡಿನ ಮನೆ ನೋಡಲು ಹೆಣ್ಣೇ ಬರುವುದು ಅಜ್ಜಿಗೆ ಸರಿಕಾಣಲಿಲ್ಲ, ಆದರೂ ಚಾಪೆ ಹಾಸಿದಳು. ನಾನು ಕಾಫಿ ಕೊಟ್ಟೆ. ಅವಳು ಲೋಟವನ್ನು ಅಂಚಿನಲ್ಲಿ ಹಿಡಿಯದೆ ಸುಡುವ ಮೈಯನ್ನೇ ಮುಷ್ಟಿಯಲ್ಲಿ ಹಿಡಿದಳು. ಬೆರಳ ತುದಿಗಳು ಬೆಳ್ಳಗೆ, ನುಣ್ಣಗೆ, ಗೆರೆಯೇ ಇಲ್ಲದ ಹಾಗಿದ್ದವು. ನಾನು ನೋಡುವುದನ್ನು ನೋಡಿ ಹೇಳಿದಳು.

"ದಿನಾ ಕುದಿಯೋ ನೀರಲ್ಲಿ ಗೂಡಿನ ಎಳೆ ಹುಡುಕ್ಬೇಕಲ್ಲ. ಬಿಸಿ ಗೊತ್ತಾಗೋದು ನಿಂತೋಗೈತೆ."

ಅಜ್ಜಿ ಮಗನ ಗುಣ ಹೇಳುತ್ತ ಹೇಳುತ್ತ ಡಬ್ಬಿಯ ಮಾತು ತೆಗೆದು, ಒಂದನ್ನು ಇಳಿಸಿ ಅವಳ ಕೈಗೆ ಕೊಟ್ಟಳು. ಅಪ್ಪ ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದ. ಅವಳು ಮುಚ್ಚಳ ತೆಗೆದು ಮೂಸಿ, ಅಣ್ಣನ ಮುಖ ನೋಡಿ, ಮತ್ತೆ ಮೂಸಿದಳು.

"ತಪ್ಪು ತಿಳ್ಕೋಬೇಡಿ. ಇದು ಕಮಟು ಹಿಡ್ದೈತೆ."

ಅವಳ ಅಣ್ಣ ಕೆಮ್ಮಿದ. ಅಜ್ಜಿ ಡಬ್ಬಿ ಕಸಿದುಕೊಂಡಳು. ಅಪ್ಪ ತಲೆ ಎತ್ತಿದ. ಎಷ್ಟೋ ತಿಂಗಳಿಂದ ಅವನು ಯಾರ ಮುಖವನ್ನೂ ಹಾಗೆ ನೇರವಾಗಿ ನೋಡಿರಲಿಲ್ಲ.

"ಕಮಟಾ?"

"ಹೂಂ. ಹೂವಿಂದು ತಪ್ಪಿಲ್ಲ, ಮೇಲೆ ಹೂವ ಚೆನ್ನಾಗೇ ಐತೆ. ಕೆಳಗೆ ಹಳೇ ಎಣ್ಣೆ. ತುಪ್ಪ ಸರಿಯಾಗಿ ಕಾಯಿಸ್ದೆ ಇಟ್ರೆ ಬರ್ತದಲ್ಲ, ಹಂಗೆ. ನೀರಿನಂಶ ನಿಂತೈತೆ. ನಿಮ್ಗೆ ಯಾರಿಗೂ ಗೊತ್ತಾಗ್ಲಿಲ್ವಾ?"

ಅವರು ಹೊರಟ ಮೇಲೆ ಅಜ್ಜಿ ಈ ಸಂಬಂಧ ಬೇಡ ಎಂದಳು, ಬಾಯಿ ಜಾಸ್ತಿ ಎಂದಳು. ಅಪ್ಪ ನಾಗಂದಿಗೆಯ ಮೇಲಿದ್ದ ಡಬ್ಬಿಗಳನ್ನೆಲ್ಲ ಇಳಿಸಿ, ತಿಪ್ಪೆಗೆ ಒಯ್ದು ಒಂದೊಂದಾಗಿ ಕೆರೆದು ಚೆಲ್ಲಿದ. ಖಾಲಿ ಡಬ್ಬಿಗಳನ್ನು ತೊಳೆಯಲು ನನಗೆ ಕೊಟ್ಟು, ಬೇಲಿಯ ಕಡೆ ನೋಡುತ್ತ, "ಅವಳೇ ಇರ್ಲಿ" ಎಂದ.

ಮದುವೆ ವಿಜಯಪುರದ ದೇವಸ್ಥಾನದಲ್ಲಿ ನಡೆಯಿತು. ಅಜ್ಜಿ ಹಟ ಹಿಡಿದು ಗುಲಾಬಿಯ ಹಾರ ತರಿಸಿದ್ದಳು. ಚಿಕ್ಕಮ್ಮ ಮನೆಗೆ ಬಂದ ಮಾರನೆಯ ದಿನವೇ ಗೋಡೆಯ ಪಟಗಳನ್ನು ನೋಡುತ್ತ ನಿಂತಳು. ಯಾಕೆ ಹೀಗೆ ಎಂದು ಕೇಳಿದಳು. ನಾನು ಹೇಳಿದೆ. ಅವಳು ತನ್ನ ಸೀರೆಯೊಂದನ್ನು ಸುತ್ತಿಟ್ಟಿದ್ದ ಪ್ಲಾಸ್ಟಿಕ್ ಕವರು ಬಿಚ್ಚಿ, ಕತ್ತರಿಸಿ, ಅಮ್ಮನ ಪಟಕ್ಕೆ ಸುಕ್ಕಿಲ್ಲದಂತೆ ಹೊದಿಸಿ ಹಿಂದೆ ದಾರ ಕಟ್ಟಿದಳು. ಮುಖದ ಮೇಲಿದ್ದ ಧೂಳನ್ನು ಮೊದಲು ಸೆರಗಿನಿಂದ ಒರೆಸಿದಳು. ಒರೆಸುವಾಗ ಯಾವ ಭಾವವನ್ನೂ ತೋರಿಸಲಿಲ್ಲ, ಪಾತ್ರೆ ಒರೆಸುವಂತೆಯೇ ಒರೆಸಿದಳು. ಅದರಿಂದಲೇ ಇರಬೇಕು, ನನಗೆ ಅವಳ ಬಳಿ ಕೂರುವುದು ಕಷ್ಟವಾಗಲಿಲ್ಲ. ಉಳಿದವರೆಲ್ಲ ನನ್ನನ್ನು ಮುಟ್ಟುವ ಮೊದಲು ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದರು.

ಒಳಕೋಣೆಗೆ ಅವಳು ಬಂದ ಮೇಲೆ ಕೆಲಸದ ರೀತಿ ಬದಲಾಯಿತು. ಕೊಬ್ಬನ್ನು ಬಿಸಿನೀರಿನಲ್ಲಿ ಕರಗಿಸಿ ಪಟಿಕದ ಪುಡಿ ಹಾಕಿ ಕದಡುವಳು. ತಣ್ಣಗಾಗಿ ಮೇಲೆ ಕಟ್ಟಿದ ಗಟ್ಟಿಯನ್ನು ತೆಗೆದು, ನೀರು ಚೆಲ್ಲಿ, ಮತ್ತೆ ಕಾಯಿಸುವಳು, ಚಿಟಪಟ ಸದ್ದು ಪೂರ್ತಿ ನಿಲ್ಲುವವರೆಗೆ. ಕೊನೆಯಲ್ಲಿ ಬಟ್ಟೆಯಲ್ಲಿ ಕಟ್ಟಿದ ಸಾಂಬ್ರಾಣಿಯ ತುಂಡು ಅದರಲ್ಲಿ ಇಳಿಬಿಡುವಳು. ಕೆಡದಿರಲಿ ಎಂದು. ಪಾತ್ರೆಯನ್ನು ಬರಿಗೈಯಲ್ಲೇ ಒಲೆಯಿಂದ ಇಳಿಸುವಳು. ಇಬ್ಬನಿಯ ಹೂವು ಅಪ್ಪ ತಂದರೆ ನೆರಳಲ್ಲಿ ಬಟ್ಟೆಯ ಮೇಲೆ ಹರಡಿ, ತೇವ ಆರುವವರೆಗೆ ಗಾಜಿನ ಬಳಿ ಬಿಡುತ್ತಿರಲಿಲ್ಲ. ಅಪ್ಪನಿಗೂ ಅವಳಿಗೂ ಈ ವಿಷಯಕ್ಕೆ ಸಣ್ಣ ಜಗಳಗಳಾಗುತ್ತಿದ್ದವು.

"ಬಿಸಿಲೇರಿದ್ರೆ ಹೂವ ಬಾಡ್ತದೆ, ಬೇಗ ಇಡು."

"ಒದ್ದೆ ಇಟ್ರೆ ಮತ್ತೆ ಕಮಟೇ ಆಗೋದು. ನಿಮ್ಗೆ ಅದೇ ಬೇಕಾದ್ರೆ ಇಟ್ಕೊಳ್ಳಿ."

ಜಗಳವಾದರೂ ಅದು ಮಾತು. ಅಜ್ಜಿ ಅಡುಗೆಮನೆಯಿಂದ ಕಿವಿಗೊಟ್ಟು ಕೇಳುತ್ತಿದ್ದಳು. ನಡುವೆ ನಾನು ಹೂವು ಮಲಗಿಸುತ್ತ ಇರುತ್ತಿದ್ದೆ. ಒಂದು ದಿನ ಚಿಕ್ಕಮ್ಮ ಕೊಬ್ಬು ತುಂಬಿದೆಯೋ ನೋಡು ಎಂದು ಗಾಜು ಎತ್ತಿ ಹಿಡಿದಾಗ ನನಗೆ ವಾಸನೆ ಬರುವುದಿಲ್ಲ ಎಂದು ಹೇಳಿಬಿಟ್ಟೆ.

"ಯಾವಾಗಿಂದ?"

"ಅಮ್ಮ ಹೋದಾಗಿಂದ ಇರ್ಬೇಕು. ಅಳೂನೂ ಬರಲ್ಲ."

ಅವಳು ಗಾಜನ್ನು ಕೆಳಗಿಟ್ಟಳು. ಅಯ್ಯೋ ಎನ್ನಲಿಲ್ಲ.

"ನಮ್ಮೂರಲ್ಲಿ ಹುಳ ಬೇಯೋ ವಾಸನೆ ಹೆಂಗಿರ್ತದೆ ಅಂದ್ರೆ ಹೊಸಬ್ರು ಬಸ್ಸಿಳಿದ್ರೆ ಮೂಗು ಮುಚ್ಕೊಂತಾರೆ. ನಮ್ಗೆ ಏನೂ ಗೊತ್ತಾಗಲ್ಲ. ನಾನು ಈ ಮನೆಗೆ ಬಂದು ಮೊದಲ್ನೇ ಸಲ ತವರಿಗೆ ಹೋದಾಗ್ಲೇ ಗೊತ್ತಾಗಿದ್ದು, ಇಂಥದ್ರಲ್ಲಿ ಇದ್ದೆ ಅಂತ. ಮೂಗು ಸತ್ತಿರಲ್ಲ ಕಣೇ, ಸಾಕಾಗಿರ್ತದೆ. ಸ್ವಲ್ಪ ದಿವ್ಸ ಹೊರಗೆ ಹೋಗಿ ಬಂದ್ರೆ ಸರಿಹೋಗ್ತದೆ."

"ಅಳು?"

"ಅದು ನಂಗೆ ಗೊತ್ತಿಲ್ಲ" ಎಂದಳು.

ದಸರಾ ರಜೆಗೆ ಅವಳು ತವರಿಗೆ ಹೊರಟಾಗ ನನ್ನನ್ನೂ ಕರೆದುಕೊಂಡು ಹೋದಳು. ವಿಜಯಪುರದಲ್ಲಿ ಅವರ ಮನೆ ನೂಲು ತೆಗೆಯುವವರ ಬೀದಿಯಲ್ಲೇ. ಮೊದಲ ದಿನ ನನಗೆ ಏನೂ ಅನ್ನಿಸಲಿಲ್ಲ. ಎರಡು ಮೂರು ದಿನ ಕಳೆದ ಮೇಲೆ ಬೆಳಗ್ಗೆ ಹಲ್ಲುಜ್ಜುವಾಗ ಮೂಗಿಗೆ ಏನೋ ಬಡಿಯಿತು, ಕೊಳೆತದ್ದು, ಬೆಂದದ್ದು, ಹಸಿ ಮೀನಿನಂಥದು. ನಾನು ಮೂಗು ಮುಚ್ಚಿಕೊಂಡೆ. ಚಿಕ್ಕಮ್ಮನ ಅತ್ತಿಗೆ ನನ್ನನ್ನು ನೋಡಿ ನಕ್ಕಳು. ಚಿಕ್ಕಮ್ಮ ಮಾತ್ರ ನಗದೆ, ಬೆರಳಿನಿಂದ ನನ್ನ ಮೂಗಿನ ತುದಿ ಮುಟ್ಟಿ, ಹಿಟ್ಟು ಕಲಸಲು ಒಳಗೆ ಹೋದಳು.

ಊರಿಗೆ ವಾಪಸ್ಸಾದದ್ದು ಸಂಜೆ, ಇನ್ನೂ ಬೆಳಕಿರುವಾಗ. ಬಸ್ಸಿಳಿದು ನಡೆದು ಬರುತ್ತ ನಮ್ಮ ಬೇಲಿಯ ಹತ್ತಿರವೇ ಅದು ಶುರುವಾಯಿತು. ಮನೆಯ ಹೊಸಿಲು ದಾಟುವಷ್ಟರಲ್ಲಿ ಗೋಡೆಯಂತೆ ಎದುರಾಯಿತು. ಸಿಹಿ, ಜೇನಿನಂಥ ಸಿಹಿ, ಅದರಡಿ ಬೆಣ್ಣೆ, ಅದರಡಿ ಏನೋ ತಣ್ಣಗೆ, ಹಸಿ ಮಣ್ಣಿನಂತೆ. ಗೋಣಿಚೀಲ ಬಿಚ್ಚಿ ಸುರಿಯುತ್ತಿದ್ದ ಗಂಡಸರ ಕೈಗಳು ಕಂಡವು. ಹೂವಿನ ನಡುವೆ ಹಳದಿ ತಿರುಗಿದ ಮುಖ ಕಂಡಿತು. ಅಂಗಳಕ್ಕೆ ಓಡಿ ಬಂದು ವಾಂತಿ ಮಾಡಿಕೊಂಡೆ. ಚಿಕ್ಕಮ್ಮ ಹಣೆ ಹಿಡಿದುಕೊಂಡಳು, ಅಜ್ಜಿ ನೀರು ತಂದಳು. ಅಪ್ಪ ಜಗಲಿಯ ಮೇಲೆ ಎದ್ದು ನಿಂತ, ಕೈಯಲ್ಲಿ ಕೊಬ್ಬು ಸವರುವ ಪಟ್ಟಿ ಹಾಗೇ ಇತ್ತು.

"ಈ ಹುಡುಗೀಗೆ ಈ ವಾಸನೆ ಆಗ್ತಿಲ್ಲ" ಎಂದಳು ಚಿಕ್ಕಮ್ಮ. "ಸ್ವಲ್ಪ ದಿವ್ಸ ಗಾಜು ಕೊಟ್ಟಿಗೆಗೆ ಸಾಗಿಸ್ಬಿಡಿ."

ಅಪ್ಪ ಪಟ್ಟಿಯನ್ನು ಜಗಲಿಯ ಅಂಚಿನ ಮೇಲಿಟ್ಟ.

"ಅವರಮ್ಮಂಗೂ ಆಗ್ತಿರಲಿಲ್ಲ."

ಅಮ್ಮ ಹೋದ ಮೇಲೆ ಅವನು ಅವಳ ಬಗ್ಗೆ ಮಾತಾಡಿದ್ದು ಅದೇ ಮೊದಲು. ಅಜ್ಜಿಯ ಕೈಯ ಚೊಂಬು ಅರ್ಧದಲ್ಲೇ ನಿಂತಿತು.

"ಏನಂದೆ?"

"ಹೂವ ಬಿಡೋ ಕಾಲ ಬಂದ್ರೆ ತಲೆನೋವು ಅಂತಿದ್ಲು. ನಿಂಗೆ ಹೇಳ್ಬೇಡಿ ಅಂತಿದ್ಲು. ಒಳಗೆ ವಾಸನೆ ನಿಲ್ತದೆ ಅಂತ ಹಿತ್ತಲಲ್ಲಿ ಮಲಗ್ತಿದ್ದಿದ್ದು."

"ಮತ್ತೆ ಅದೇ ಹೂವ ಅವಳ ಮೇಲೆ ಸುರಿದ್ಯಲ್ಲೋ."

ಅಪ್ಪ ತನ್ನ ಕೈ ನೋಡಿಕೊಂಡ.

"ಬೇರೆ ಹೂವ ಇರಲಿಲ್ಲವಲ್ಲವ್ವ."

ಹಿತ್ತಲಲ್ಲಿ ಮಲಗುತ್ತಿದ್ದದ್ದು ನನಗೆ ನೆನಪಿತ್ತು. ಬೇವಿನ ಮರದ ಕೆಳಗೆ ಚಾಪೆ, ಅಮ್ಮನ ಹಣೆಯ ಮೇಲೆ ಒದ್ದೆ ಬಟ್ಟೆ, ನಾನು ಅವಳ ತೋಳಿನ ಮೇಲೆ. ಸೆಕೆಗೆ ಹೊರಗೆ ಮಲಗುವುದು ಎಂದುಕೊಂಡಿದ್ದೆ. ಅವಳು ನನಗೆ ಕತೆ ಹೇಳುತ್ತ ನಡುನಡುವೆ ಬಟ್ಟೆ ತಿರುಗಿಸಿ ಹಾಕಿಕೊಳ್ಳುತ್ತಿದ್ದಳು. ಆ ಬಟ್ಟೆ ತಿರುಗಿಸುವ ಕೈ ನೆನಪಾದದ್ದೇ ನನಗೆ ಅಳು ಬಂತು. ಮೊದಲು ಬಾಯಿ ತೆರೆದುಕೊಂಡಿತು, ಸದ್ದು ಆಮೇಲೆ ಬಂತು. ಯಾರೂ ನನ್ನನ್ನು ಸುಮ್ಮನಾಗು ಎನ್ನಲಿಲ್ಲ. ಅಪ್ಪ ಜಗಲಿ ಇಳಿದು ಬಂದು ನನ್ನ ಪಕ್ಕದಲ್ಲಿ ಅಂಗಳದ ನೆಲದ ಮೇಲೆಯೇ ಕೂತ. ಕೊಬ್ಬು ಮೆತ್ತಿದ ಕೈಯನ್ನು ನನಗೆ ತಾಗದಂತೆ ದೂರ ಹಿಡಿದುಕೊಂಡು, ಮೊಣಕೈಯಿಂದ ನನ್ನನ್ನು ತನ್ನ ಕಡೆ ಒತ್ತಿಕೊಂಡ. ಅಜ್ಜಿ ಒಳಗೆ ಹೋದಳು. ಒಲೆ ಊದುವ ಸದ್ದು ಕೇಳಿಸಿತು, ತುಂಬ ಹೊತ್ತು ಕೇಳಿಸಿತು.

ಈಗ ನಾನು ಇದೇ ಕೆಲಸ ಮಾಡುತ್ತೇನೆ. ಅದೇ ಕೊಟ್ಟಿಗೆಯನ್ನು ಸರಿಮಾಡಿಸಿಕೊಂಡು ಮಲ್ಲಿಗೆ, ಮರುಗ, ಸಂಪಿಗೆ, ಲಾವಂಚದ ಮೇಣ ಮಾಡುತ್ತೇನೆ. ಬೆಂಗಳೂರಿನಿಂದ ಬರುವವರು ಡಬ್ಬಿ ಮೂಸಿ, ಇದನ್ನೆಲ್ಲ ಯಾರು ಕಲಿಸಿದರು ಎನ್ನುತ್ತಾರೆ. ಮೂಗು ಸಾಕಾದಾಗ ನಾನು ಹೊರಗೆ ನಡೆದು ಬರುತ್ತೇನೆ. ಸಂತೋಷವಾಗಲಿ ದುಃಖವಾಗಲಿ ಈಗಲೂ ನನಗೆ ತಡವಾಗಿಯೇ ಬರುತ್ತದೆ, ಎಲ್ಲರೂ ಎದ್ದು ಹೋದ ಮೇಲೆ. ಅದರ ಬಗ್ಗೆ ನನಗೆ ಮೊದಲಿನಷ್ಟು ಚಿಂತೆಯಿಲ್ಲ. ಅಪ್ಪ ಇರುವವರೆಗೂ ಸುಗಂಧರಾಜ ಬೆಳೆದ. ಅದರ ಮೇಣವನ್ನು ಅವನು, ಚಿಕ್ಕಮ್ಮ ಇಬ್ಬರೇ ಮಾಡುತ್ತಿದ್ದರು.

ಅಂಗಳದಲ್ಲಿ ಅತ್ತ ಆ ಸಂಜೆ ಊಟಕ್ಕೆ ಕೂತಾಗ ನನ್ನ ಕಣ್ಣು ಊದಿಕೊಂಡಿದ್ದವು. ಅಜ್ಜಿ ಅನ್ನಕ್ಕೆ ತಿಳಿಸಾರು ಹಾಕಿ ಕೊಟ್ಟಳು. ನಾನು ಅಪ್ಪನನ್ನು ಕೇಳಿದೆ.

"ಅಮ್ಮಂಗೆ ಯಾವ ವಾಸನೆ ಇಷ್ಟ ಇತ್ತಪ್ಪ?"

ಅವನು ತುತ್ತು ಕೈಯಲ್ಲೇ ಇಟ್ಟುಕೊಂಡು ಯೋಚಿಸಿದ. ಮಲ್ಲಿಗೆ ಎನ್ನುತ್ತಾನೆ ಎಂದುಕೊಂಡೆ. ಚಿಕ್ಕಮ್ಮನೂ ಕೈ ನಿಲ್ಲಿಸಿ ಅವನ ಕಡೆ ನೋಡಿದಳು.

"ಡೀಸಲ್ಲು" ಎಂದ.

"ಡೀಸಲ್ಲಾ?" ಎಂದಳು ಅಜ್ಜಿ.

"ಹೂಂ. ಪೇಟೆಗೆ ಹೋದ್ರೆ ಬಸ್ಸಿನ ಹಿಂದೆ ಹೋಗಿ ನಿಂತ್ಕೊಂಬಿಡೋಳು. ಹೊಗೆ ಬಿಟ್ರೆ ಎಲ್ರೂ ಮೂಗು ಮುಚ್ಕೊಂತಿದ್ರು, ಇವ್ಳು ಕಣ್ಣು ಮುಚ್ಕೊಂಡು ಎಳ್ಕೊಳ್ಳೋಳು. ಮದುವೆಯಾದ ಹೊಸದ್ರಲ್ಲಿ ನಂಗೆ ನಾಚ್ಕೆ ಆಗೋದು. ಬಾರೇ ಅಂದ್ರೂ ಬರ್ತಿರಲಿಲ್ಲ, ತಡೀರಿ ಇನ್ನೊಂದ್ಸಲ ಅನ್ನೋಳು."

ಚಿಕ್ಕಮ್ಮನಿಗೆ ನಗು ಬಂದು ಸಾರು ನೆತ್ತಿಗೇರಿತು. ಅಜ್ಜಿ ಅವಳ ತಲೆ ತಟ್ಟುತ್ತ ತಾನೂ ನಕ್ಕಳು. ಅಪ್ಪ ತಟ್ಟೆ ನೋಡಿಕೊಂಡು ತುತ್ತು ಬಾಯಿಗಿಟ್ಟ.

ರಜೆ ಮುಗಿದು ಶಾಲೆ ಶುರುವಾದ ದಿನ ನಾನು ರಸ್ತೆಯ ಬದಿ ನಿಂತು ಕೈ ಅಡ್ಡ ಹಾಕಿದೆ. ಬಸ್ಸು ನಿಂತಿತು. ಮೊಸರಿನ ಕ್ಯಾನು ಇಟ್ಟುಕೊಂಡಿದ್ದ ಹೆಂಗಸರು ಮುಂದಿನ ಬಾಗಿಲಿಗೆ ನುಗ್ಗಿದರು. ನಾನು ಚೀಲ ಹೆಗಲಿಗೇರಿಸಿ ಬಸ್ಸಿನ ಹಿಂಬದಿಗೆ ನಡೆದೆ. ಇಂಜಿನ್ನು ನಡುಗಿ ಕಪ್ಪು ಹೊಗೆ ನನ್ನ ಲಂಗದ ಮೇಲೆ, ಮುಖದ ಮೇಲೆ ಹಾದುಹೋಯಿತು. ಬಿಸಿಯಾಗಿತ್ತು. ಗಂಟಲು ಕೆರೆಯಿತು. ಕಣ್ಣು ಮುಚ್ಚಿಕೊಂಡು ಎಳೆದುಕೊಂಡೆ. ಕಂಡಕ್ಟರು ಹಿಂದಿನ ಬಾಗಿಲಿನಿಂದ ತಲೆ ಹೊರಗೆ ಹಾಕಿದ.

"ಅಲ್ಲೇನಮ್ಮ ಮಾಡ್ತಿದೀಯ? ಹತ್ತೋದಾದ್ರೆ ಹತ್ತು."

"ತಡೀರಿ, ಇನ್ನೊಂದ್ಸಲ" ಎಂದೆ.